ಮರುಆಯ್ಕೆ ಬೇಡ ಎಂದವನು

1876ರಲ್ಲಿ ಮೆಕ್ಸಿಕೋದ ದಂಡನಾಯಕ ಪೊರ್ಫಿರಿಯೊ ದಿಯಾಸ್ ಬಂಡೆದ್ದದ್ದು 'ಮರುಆಯ್ಕೆ ಬೇಡ' ಎಂಬ ಕೂಗಿನೊಂದಿಗೆ. ಅಧ್ಯಕ್ಷನಾದವನು ಬೆನ್ನಿಗೇ ಮತ್ತೊಮ್ಮೆ ಆಗಕೂಡದು ಎಂದವನು ತಾನೇ ಅಧ್ಯಕ್ಷನಾದ. 1880ರಲ್ಲಿ ಮಾತು ಉಳಿಸಿಕೊಂಡವನಂತೆ ಗೆಳೆಯನಿಗೆ ಕುರ್ಚಿ ಬಿಟ್ಟುಕೊಟ್ಟ. ನಾಲ್ಕು ವರ್ಷಕ್ಕೆ ಮರಳಿದವನು ಸಂವಿಧಾನವನ್ನು ಬೇಕಾದಂತೆ ತಿದ್ದಿಸಿಕೊಂಡು 1911ರವರೆಗೆ ಏಳಲೇ ಇಲ್ಲ. ಎಬ್ಬಿಸಲು ಬಂದ ಫ್ರಾನ್ಸಿಸ್ಕೊ ಮದೆರೊನ ಬಾಯಲ್ಲೂ ಅದೇ ಕೂಗು. ದಿಯಾಸ್ ಅವನನ್ನು ಜೈಲಿಗೆ ಹಾಕಿಸಿದ, ಕ್ರಾಂತಿ ಭುಗಿಲೆದ್ದಿತು.

1917ರ ಹೊಸ ಸಂವಿಧಾನ ಮರುಆಯ್ಕೆಯನ್ನು ನಿಷೇಧಿಸಿತು. ಹತ್ತೇ ವರ್ಷಕ್ಕೆ, ಮಾಜಿ ಅಧ್ಯಕ್ಷ ಆಲ್ವಾರೊ ಒಬ್ರೆಗೋನ್‌ಗಾಗಿ, 'ಒಂದವಧಿ ಬಿಟ್ಟು ಬರಬಹುದು' ಎಂಬ ತಿದ್ದುಪಡಿಯಾಯಿತು. 1928ರ ಜುಲೈನಲ್ಲಿ ಅವನು ಗೆದ್ದ. ಅದೇ ತಿಂಗಳ 17ರಂದು ರಾಜಧಾನಿಯ ಲಾ ಬೊಂಬಿಯಾ ಹೋಟೆಲಿನಲ್ಲಿ ಅವನಿಗೆ ಔತಣ. ಊಟಕ್ಕೆ ಕೂತವರ ವ್ಯಂಗ್ಯಚಿತ್ರ ಬರೆಯುತ್ತ ಬಂದ ಯುವಕನೊಬ್ಬ ಒಬ್ರೆಗೋನ್‌ಗೆ ಅವನದೇ ಚಿತ್ರ ತೋರಿಸಿದ, ಮರುಗಳಿಗೆಯಲ್ಲೇ ಗುಂಡು ಹಾರಿಸಿದ. ಯುವಕನ ಸಿಟ್ಟೇನೂ ಮರುಆಯ್ಕೆಯ ಮೇಲಲ್ಲ, ಸರ್ಕಾರ ಕ್ಯಾಥೊಲಿಕ್ ಚರ್ಚನ್ನು ಹತ್ತಿಕ್ಕುತ್ತಿದ್ದುದರ ಮೇಲೆ. 1933ರಲ್ಲಿ ಹಳೆಯ ನಿಷೇಧ ಇನ್ನಷ್ಟು ಬಿಗಿಯಾಗಿ ಬಂತು: ಒಬ್ಬನಿಗೆ ಜೀವಮಾನದಲ್ಲಿ ಒಂದೇ ಸಲ. ಅವಧಿ ಆರು ವರ್ಷ.

ಇಷ್ಟಾದರೂ 2000ದವರೆಗೆ ಮೆಕ್ಸಿಕೋವನ್ನು ಆಳಿದ್ದು ಒಂದೇ ಪಕ್ಷ. ಇಳಿಯುವ ಅಧ್ಯಕ್ಷ ಯಾರತ್ತ ಬೆರಳು ತೋರಿಸುತ್ತಾನೋ ಅವನೇ ಮುಂದಿನವನು; ಚುನಾವಣೆ ಶಾಸ್ತ್ರಕ್ಕೆ. ಸರ್ಕಾರಿ ಪತ್ರಗಳ ಕೊನೆಯಲ್ಲಿ ಮಾತ್ರ 'ಮರುಆಯ್ಕೆ ಇಲ್ಲ' ಎಂದು ಅಚ್ಚಾಗುತ್ತಿತ್ತು. ಇದು ಬರೀ ನಾಟಕ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಪಕ್ಷ ಎಷ್ಟೇ ಬಲಿತರೂ ಅದರೊಳಗೆ ಇನ್ನೊಬ್ಬ ದಿಯಾಸ್ ಹುಟ್ಟಲಿಲ್ಲವಲ್ಲ. ಪ್ರಯತ್ನವೇನೋ ನಡೆದಿತ್ತು. ಒಬ್ರೆಗೋನ್ ಸತ್ತ ಮೇಲೆ, ಅಧ್ಯಕ್ಷನಾಗಿ ತನ್ನ ಅವಧಿ ಮುಗಿಸಿದ ಪ್ಲೂತಾರ್ಕೊ ಕಾಯೆಸ್ ತೆರೆಮರೆಯಲ್ಲೇ ಉಳಿದು ಮೂವರು ಅಧ್ಯಕ್ಷರನ್ನು ಕುಣಿಸಿದ. ನಾಲ್ಕನೆಯವನಾಗಿ 1934ರಲ್ಲಿ ಬಂದ ಲಾಸಾರೊ ಕಾರ್ದೆನಾಸ್ ಕೂಡ ಅವನ ಕಡೆಯವನೇ. ಆದರೆ ಸಹಿ ಹಾಕುವ ಅಧಿಕಾರ ಕುರ್ಚಿಯಲ್ಲಿ ಕೂತವನದು ತಾನೆ? 1936ರಲ್ಲಿ ಕಾರ್ದೆನಾಸ್ ಕಾಯೆಸ್‌ನನ್ನು ವಿಮಾನ ಹತ್ತಿಸಿ ಅಮೆರಿಕಕ್ಕೆ ಗಡೀಪಾರು ಮಾಡಿದ.

ತೈಲ ಉದ್ಯಮವನ್ನು ರಾಷ್ಟ್ರೀಕರಣ ಮಾಡಿ ಮನೆಮಾತಾಗಿದ್ದ ಈ ಕಾರ್ದೆನಾಸ್‌ನ ಅವಧಿಯೂ 1940ಕ್ಕೆ ಮುಗಿಯಿತು. ಎರಡು ವರ್ಷದ ಬಳಿಕ, ಎರಡನೇ ಮಹಾಯುದ್ಧದ ನಡುವೆ, ಅವನು ಸರ್ಕಾರಕ್ಕೆ ಮರಳಿದ್ದೇನೋ ಹೌದು: ತನ್ನ ನಂತರ ಬಂದ ಅಧ್ಯಕ್ಷನ ಕೈಕೆಳಗೆ, ರಕ್ಷಣಾ ಸಚಿವನಾಗಿ.