ನೋಡುವವನ ಪಾಲು: ಪೀಟರ್ ಸೆಲ್ಲರ್ಸ್ ರಂಗಕೃತಿಗಳಲ್ಲಿ ಸಾಕ್ಷಿಯ ಪ್ರಶ್ನೆ

ಪರರ ಯಾತನೆಯನ್ನು ರಂಗದ ಮೇಲೆ ಕಂಡು ಮನಸ್ಸು ಕರಗುವುದಕ್ಕೆ ಧಾರ್ಮಿಕವಾದ ಬೆಲೆಯುಂಟೇ, ಅಥವಾ ಅದು ಸಭಾಂಗಣದ ಬಾಗಿಲು ದಾಟುವಷ್ಟರಲ್ಲಿ ಆರಿಹೋಗುವ ಸುಖ ಮಾತ್ರವೇ ಎಂಬ ಪ್ರಶ್ನೆಯನ್ನು ಅಮೆರಿಕದ ನಿರ್ದೇಶಕ ಪೀಟರ್ ಸೆಲ್ಲರ್ಸ್ ದಶಕಗಳಿಂದ ಬಿಡದೆ ಕೆದಕುತ್ತ ಬಂದಿದ್ದಾರೆ. 1957ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿ, ಎಳವೆಯಲ್ಲೇ ಸೂತ್ರದ ಗೊಂಬೆಯಾಟದ ತಂಡವೊಂದರಲ್ಲಿ ಕೆಲಸ ಕಲಿತು, ಹಾರ್ವರ್ಡ್‌ನಲ್ಲಿ ಓದಿದ ಅವರಿಗೆ ದೊಡ್ಡ ಹೆಸರು ತಂದದ್ದು ಮೊಟ್ಸಾರ್ಟ್‌ನ ಆಪೆರಾಗಳನ್ನು, ಅಂದರೆ ಹಾಡಿನಲ್ಲೇ ಸಾಗುವ ನಾಟಕಗಳನ್ನು, ಸಮಕಾಲೀನ ಅಮೆರಿಕಕ್ಕೆ ತಂದಿಳಿಸಿದ ಪ್ರಯೋಗಗಳು. ವೇಷ ಮತ್ತು ಸ್ಥಳಗಳ ಆ ಬದಲಾವಣೆ ಅವರ ಸಾಧನೆಯ ಹೊರಪದರವಷ್ಟೆ. ತಿರುಳಿರುವುದು ನೋಡುವವನ ಸ್ಥಾನದ ಬಗೆಗಿನ ಅವರ ವಿಚಾರದಲ್ಲಿ.

ನೋಡುವವನನ್ನು ಸಾಕ್ಷಿಯೆನ್ನುವುದುಂಟು. ಅದ್ವೈತಕ್ಕೆ ಸಾಕ್ಷಿಯೆಂದರೆ ಎಲ್ಲವನ್ನೂ ಬೆಳಗಿಯೂ ಯಾವುದರ ಲೇಪವೂ ತಾಗದ ಚೈತನ್ಯ; ಮುಂಡಕೋಪನಿಷತ್ತಿನ ಎರಡು ಹಕ್ಕಿಗಳಲ್ಲಿ ಹಣ್ಣು ತಿನ್ನದೆ ಸುಮ್ಮನೆ ನೋಡುವ ಹಕ್ಕಿ ಅದಕ್ಕೆ ಪರಿಚಿತ ರೂಪಕ. ಕ್ರೈಸ್ತ ಪರಂಪರೆಯಲ್ಲಿ ಈ ಪರಿಕಲ್ಪನೆ ಬೇರೆ ದಾರಿ ಹಿಡಿಯಿತು. ಸಾಕ್ಷಿ ಎಂಬರ್ಥದ ಗ್ರೀಕ್ ಪದ 'ಮಾರ್ಟಿಸ್' ಅಲ್ಲಿ ಕ್ರಮೇಣ ಧರ್ಮಕ್ಕಾಗಿ ಪ್ರಾಣ ತೆತ್ತ ಹುತಾತ್ಮನ ಹೆಸರಾಯಿತು, ಏಕೆಂದರೆ ಕಂಡವನು ಕಂಡದ್ದಕ್ಕೆ ತನ್ನ ದೇಹವನ್ನೇ ಒತ್ತೆಯಿಡಬೇಕಾಗಿತ್ತು. ಸೆಲ್ಲರ್ಸ್ ಅವರ ರಂಗಕೃತಿಗಳು ವಾಲುವುದು ಈ ಎರಡನೆಯ ಅರ್ಥದ ಕಡೆಗೆ.

1996ರಲ್ಲಿ ಇಂಗ್ಲೆಂಡಿನ ಗ್ಲೈಂಡ್‌ಬೋರ್ನ್‌ನಲ್ಲಿ ಅವರು ನಿರ್ದೇಶಿಸಿದ ಹ್ಯಾಂಡೆಲ್‌ನ 'ಥಿಯೊಡೊರಾ', ರೋಮನ್ ಅಧಿಕಾರಿಯ ಆಜ್ಞೆಯಂತೆ ಜುಪಿಟರ್‌ನನ್ನು ಪೂಜಿಸಲೊಪ್ಪದ ಕ್ರೈಸ್ತ ಕನ್ಯೆಯ ಮತ್ತು ಅವಳನ್ನು ಉಳಿಸಹೋಗಿ ತಾನೂ ಸಾಯುವ ಸೈನಿಕನ ಕಥೆ. ಅದು ಒರಟೋರಿಯೊ, ಅಂದರೆ ಅಭಿನಯವಿಲ್ಲದೆ ಹಾಡಲೆಂದು ರಚಿಸಿದ ಧಾರ್ಮಿಕ ಕಥಾಗಾನ. ಸೆಲ್ಲರ್ಸ್ ಅದನ್ನು ಇಂದಿನ ಅಮೆರಿಕದಲ್ಲಿಟ್ಟು, ಕೊನೆಯಲ್ಲಿ ಇಬ್ಬರನ್ನೂ ಮೇಜುಗಳಿಗೆ ಪಟ್ಟಿಗಳಿಂದ ಬಿಗಿಸಿ, ವಿಷದ ಚುಚ್ಚುಮದ್ದಿನ ಮರಣದಂಡನೆಗೆ ಒಳಪಡಿಸಿದರು. ಪುಣ್ಯಕಥೆಯಾಗಿ ದೂರ ಉಳಿಯಬಹುದಾಗಿದ್ದ ಹುತಾತ್ಮತೆ ಹೀಗೆ, ಪ್ರಜೆಗಳ ಹೆಸರಿನಲ್ಲಿ ಸರ್ಕಾರವೊಂದು ಈಗಲೂ ನಡೆಸುವ ಕೊಲೆಯಾಗಿ ಎದುರು ನಿಂತಿತು.

ಪ್ರಶ್ನೆ ಇನ್ನೂ ಆಳಕ್ಕಿಳಿದದ್ದು 2010ರಲ್ಲಿ, ಸೈಮನ್ ರ‍್ಯಾಟಲ್ ನೇತೃತ್ವದ ಬರ್ಲಿನ್ ಫಿಲ್ಹಾರ್ಮೋನಿಕ್ ವಾದ್ಯವೃಂದದೊಡನೆ ಬಾಖ್‌ನ 'ಸಂತ ಮತ್ತಾಯನ ಪ್ಯಾಶನ್' ರಂಗಕ್ಕೆ ಬಂದಾಗ. ಪ್ಯಾಶನ್ ಎಂದರೆ ಕ್ರಿಸ್ತನ ಕೊನೆಯ ಯಾತನೆಯ ಕಥನವನ್ನು ಸಂಗೀತಕ್ಕೆ ಅಳವಡಿಸಿದ ಕೃತಿ. ಬಾಖ್‌ನ ಲೈಪ್ಜಿಗ್‌ನಲ್ಲಿ ಅದು ಶುಭ ಶುಕ್ರವಾರದ ಆರಾಧನೆಯ ಅಂಗವಾಗಿದ್ದು, ಎರಡು ಭಾಗಗಳ ನಡುವೆ ಪ್ರವಚನ ನಡೆಯುತ್ತಿತ್ತು. ಸೆಲ್ಲರ್ಸ್ ತಮ್ಮ ಕೆಲಸವನ್ನು ನಾಟಕೀಕರಣವೆನ್ನದೆ, ಆಚರಣೆಯ ರೂಪ ಕೊಡುವುದೆಂದು ಕರೆದರು. ಅಲ್ಲಿ ರೋಮನ್ ವೇಷಗಳಿಲ್ಲ. ಬರಿಯ ಪೀಠಗಳ ನಡುವೆ ಸಾದಾ ಉಡುಪಿನ ಗಾಯಕರು ಪುಸ್ತಕ ಹಿಡಿಯದೆ ಹಾಡುತ್ತಾರೆ, ವಾದಕರ ಬಳಿಗೇ ಹೋಗಿ ಅವರೊಡನೆ ಸಂಭಾಷಿಸುವಂತೆ ಹಾಡುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಕ್ರಿಸ್ತನ ಮಾತುಗಳನ್ನು ಹಾಡುವ ಗಾಯಕರು ದೂರದಲ್ಲಿ ನಿಂತಿರುವಾಗ, ಸುವಾರ್ತೆಯನ್ನು ನಿರೂಪಿಸುವ ಮಾರ್ಕ್ ಪ್ಯಾಡ್‌ಮೋರ್ ಕ್ರಿಸ್ತನ ಸಂಕಟವನ್ನು ತಮ್ಮ ಮೈಮೇಲೆ ತಾಳಿಕೊಳ್ಳುತ್ತಾರೆ. ಕಥೆ ಹೇಳುವವನಿಗೇ ಕಥೆಯ ಗಾಯಗಳಾಗುತ್ತವೆ.

ಇದರ ಬೀಜ ಬಾಖ್‌ನಲ್ಲೇ ಇದೆ. ನಿಮ್ಮಲ್ಲೊಬ್ಬ ದ್ರೋಹ ಬಗೆಯುವನೆಂದು ಕ್ರಿಸ್ತ ನುಡಿದಾಗ ಶಿಷ್ಯರು ಅದು ತಾವೇ ಎಂದು ಗಾಬರಿಯಿಂದ ಕೇಳುತ್ತಾರೆ, ಮತ್ತು ಪ್ರಭುವೆಂಬ ಅವರ ಕರೆ ಹನ್ನೊಂದು ಸಲ ಕೇಳಿಬರುತ್ತದೆ; ಹನ್ನೆರಡನೆಯವನಾದ ಯೂದನ ಪಾಲು ಖಾಲಿ. ಆ ಖಾಲಿ ಜಾಗಕ್ಕೆ, ಬೆನ್ನಿಗೇ ಬರುವ ಸ್ತುತಿಗೀತೆಯಲ್ಲಿ, ಸಭೆಯೇ ಅಪರಾಧಿಯಾಗಿ ಬಂದು ನಿಲ್ಲುತ್ತದೆ. ಆ ವಾದ್ಯವೃಂದದ ಬರ್ಲಿನ್ ಸಭಾಂಗಣದಲ್ಲಿ ಆಸನಗಳು ವೇದಿಕೆಯನ್ನು ಸುತ್ತುವರಿದಿರುವುದರಿಂದ, ಯಾತನೆಯನ್ನು ನೋಡುವವನು ಅದರಾಚೆ ಕುಳಿತು ನೋಡುತ್ತಿರುವ ಇತರರ ಮುಖಗಳನ್ನೂ ನೋಡಲೇಬೇಕಾಗುತ್ತದೆ.

ಹಣ ತೆತ್ತು ಬಂದ, ಬಹುಶಃ ನಂಬಿಕೆಯಿಲ್ಲದ ಶ್ರೋತೃವಿಗೆ ಇದು ಆರಾಧನೆಯಾದೀತೇ ಎಂಬ ಆಕ್ಷೇಪ ಬಲವಾದದ್ದು. ಆದರೆ ಆಚರಣೆಗೆ ನಂಬಿಕೆಯೇ ಮೊದಲ ಮೆಟ್ಟಿಲಾಗಬೇಕಿಲ್ಲ. ಮಂಡಿಯೂರಿದ ಮೇಲೆ ಭಕ್ತಿ ಮೂಡಿದವರೂ ಎಲ್ಲ ಧರ್ಮಗಳಲ್ಲಿದ್ದಾರೆ. ಯೂರಿಪಿಡೀಸನ 'ಹೆರಾಕ್ಲೀಸನ ಮಕ್ಕಳು' ನಾಟಕವನ್ನು ಆಡಿಸಿದಾಗ ಸೆಲ್ಲರ್ಸ್ ಆಶ್ರಯ ಬೇಡುವ ಮಾತಿಲ್ಲದ ಮಕ್ಕಳ ಪಾತ್ರಕ್ಕೆ ನಿಜವಾದ ನಿರಾಶ್ರಿತ ಮಕ್ಕಳನ್ನೇ ತಂದು ಕೂರಿಸಿ, ನಾಟಕದ ಜೊತೆಗೆ ನಿರಾಶ್ರಿತರೊಡನೆ ಸಂವಾದವನ್ನೂ ಸೇರಿಸಿದ್ದು ಈ ವಿಶ್ವಾಸದಿಂದಲೇ.

ಕನ್ನಡದ ಕಥೆಯೊಂದೂ ಈ ಹುಡುಕಾಟದೊಳಗೆ ಸೇರಿದೆ. ಎ. ಕೆ. ರಾಮಾನುಜನ್ ಇಂಗ್ಲಿಷಿಗೆ ತಂದ, ಹೂವಿನ ಮರವಾಗುವ ಹುಡುಗಿಯ ಜನಪದ ಕಥೆಯನ್ನು ಆಧರಿಸಿ ಸೆಲ್ಲರ್ಸ್ ಮತ್ತು ಸಂಗೀತಕಾರ ಜಾನ್ ಆಡಮ್ಸ್ ಆಪೆರಾವೊಂದನ್ನು ರಚಿಸಿದರು. 2006ರಲ್ಲಿ ವಿಯೆನ್ನಾದಲ್ಲಿ ಅದು ಮೊದಲು ಪ್ರದರ್ಶನಗೊಂಡಾಗ ಗಾಯಕರ ಪಾತ್ರಗಳಿಗೆ ಜಾವಾದ ನರ್ತಕರು ದೇಹವಾದರು. ಬಿಂದಿಗೆ ನೀರು ಸುರಿದೊಡನೆ ಮರವಾಗುವ ಅವಳನ್ನು ನಾದಿನಿಯ ಗೆಳತಿಯರ ಗುಂಪು ಬೆರಗಿನಿಂದ ನೋಡುತ್ತದೆ, ಹೂವಿಗಾಗಿ ಕೊಂಬೆಗಳನ್ನು ಮುರಿಯುತ್ತದೆ, ಕೈಕಾಲಿಲ್ಲದ ಮೋಟು ದೇಹವಾಗಿ ಅವಳನ್ನು ಬಿಟ್ಟುಹೋಗುತ್ತದೆ. ಗುರುತು ಹಿಡಿದ ಗಂಡ ಅವಳನ್ನು ಮತ್ತೆ ಮರವಾಗಿಸಿ, ಮುರಿದ ಒಂದೊಂದು ಕೊಂಬೆಯನ್ನೂ ಅದರದರ ಜಾಗದಲ್ಲಿ ಜೋಡಿಸಿ, ಎರಡನೆಯ ಬಿಂದಿಗೆಯ ನೀರನ್ನು ಮೆಲ್ಲನೆ ಸುರಿಯುತ್ತಾನೆ.