ನಡುವೆ ಮೂರನೆಯದು

ಎರಡನ್ನು ಕೂಡಿಸಲು ಮೂರನೆಯದೊಂದು ಬೇಕೇ ಬೇಕೆ? ಬೇಕು ಎಂದವರು ನ್ಯಾಯ-ವೈಶೇಷಿಕರು. ಎಳೆಗೂ ಬಟ್ಟೆಗೂ ಇರುವ ಬಿಡಿಸಲಾಗದ ನಂಟಿಗೆ ಅವರು ‘ಸಮವಾಯ’ ಎಂದು ಹೆಸರಿಟ್ಟು, ದ್ರವ್ಯ, ಗುಣ, ಕರ್ಮಗಳ ಸಾಲಿನಲ್ಲಿ ಅದನ್ನೂ ಒಂದು ಪದಾರ್ಥವಾಗಿ ಕೂಡಿಸಿದರು. ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಇದನ್ನು ಹಿಡಿದು ಜಗ್ಗುತ್ತಾರೆ. ಅವರ ಮಾತು ಅಣುಗಳ ಮೇಲೆ ನಡೆದಿದೆ. ನಾನು ನೇಕಾರರ ಮನೆಯವಳು, ಎಳೆಗೆ ಹೊಂದಿಸಿಕೊಂಡು ಹೇಳುತ್ತೇನೆ. ಎಳೆ ಬೇರೆ, ಬಟ್ಟೆ ಬೇರೆ, ಎರಡನ್ನೂ ಕೂಡಿಸುವ ಸಮವಾಯವೂ ಬೇರೆ ಅಂತಾದರೆ, ಆ ಸಮವಾಯವನ್ನು ಎಳೆಗೆ ಕೂಡಿಸಿದ್ದು ಯಾವುದು? ಅದಕ್ಕೆ ಇನ್ನೊಂದು ಸಮವಾಯ ಬೇಕು. ಆ ಇನ್ನೊಂದಕ್ಕೆ ಮತ್ತೊಂದು. ಕೊನೆಯೇ ಇಲ್ಲ, ಶಾಸ್ತ್ರದವರು ಇದನ್ನು ಅನವಸ್ಥಾ ದೋಷ ಎನ್ನುತ್ತಾರೆ. ಸಾವಿರ ವರ್ಷ ದಾಟಿದ ಮೇಲೆ, 1893ರಲ್ಲಿ, ಆಕ್ಸ್‌ಫರ್ಡಿನ ಬ್ರಾಡ್ಲಿ ‘ಅಪಿಯರೆನ್ಸ್ ಆ್ಯಂಡ್ ರಿಯಾಲಿಟಿ’ ಎಂಬ ಪುಸ್ತಕದಲ್ಲಿ ಹೆಚ್ಚುಕಡಿಮೆ ಇದೇ ಗಂಟಿಗೆ ಬಂದು ನಿಂತ.

ಬಿ.ಎ.ಯಲ್ಲಿ ಸಂಸ್ಕೃತ ತೆಗೆದುಕೊಂಡಿದ್ದೆ. ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ಸಮವಾಯ ಇರುವ ಐದು ಜೋಡಿಗಳು ಬರುತ್ತವೆ: ಅವಯವ-ಅವಯವಿ, ಗುಣ-ಗುಣಿ, ಕ್ರಿಯೆ-ಕ್ರಿಯಾವಂತ, ಜಾತಿ-ವ್ಯಕ್ತಿ, ವಿಶೇಷ-ನಿತ್ಯದ್ರವ್ಯ. ಮೊದಲ ಜೋಡಿಗೆ ಪಾಠ ಹೇಳುವವರೆಲ್ಲ ಕೊಡುವ ಉದಾಹರಣೆ ತಂತು ಮತ್ತು ಪಟ. ಎಳೆ ಮತ್ತು ಬಟ್ಟೆ. ತರಗತಿಯಲ್ಲಿ ಉಳಿದವರು ಬಾಯಿಪಾಠ ಮಾಡುತ್ತಿದ್ದರು, ನನಗೆ ಮಾತ್ರ ಮನೆಯ ಕುಣಿಮಗ್ಗ ಕಣ್ಣ ಮುಂದೆ ಬರುತ್ತಿತ್ತು. ಪಂಡಿತರು ಬಟ್ಟೆ ಎಂದಾಗ ಯಾವ ಬಟ್ಟೆ ನೆನೆದರೋ ಗೊತ್ತಿಲ್ಲ. ನಾನು ಹೇಳಹೊರಟದ್ದು ಇಳಕಲ್ಲ ಸೀರೆಯ ಮಾತು, ಅದರಲ್ಲೂ ಸೆರಗು ಒಡಲಿಗೆ ಕೂಡುವ ಆ ಒಂದು ಗೆರೆಯ ಮಾತು.

ಸೀರೆ ನೋಡಿದವರಿಗೆ ಗೊತ್ತಿರುವುದು ಕೆಂಪು ಸೆರಗು, ಅದರಲ್ಲಿ ಬಿಳಿಯ ತೆನೆ. ಆ ತೆನೆಗಳಿಗೂ ಹೆಸರುಗಳಿವೆ: ಬಾಚಣಿಕೆಯ ಹಲ್ಲಿನಂತಿದ್ದರೆ ಹಣಿಗೆ, ಕೋಟೆಯ ಗೋಡೆಯಂತಿದ್ದರೆ ಕೋಟಿ ಕಮ್ಮಲಿ, ಜೋಳದ ತೆನೆಯಂತಿದ್ದರೆ ಟೋಪುತೆನಿ, ಗುಡ್ಡದ ಸಾಲಿನಂತಿದ್ದರೆ ರಾಂಪ. ಆ ಕೆಂಪು ಅಷ್ಟು ಗಾಢವಾಗಿ ಯಾಕೆ ಕಾಣುತ್ತದೆ ಎಂದು ಕೊಳ್ಳುವವರು ಕೇಳುವುದು ಕಡಿಮೆ. ಒಡಲಿನ ಹಾಸು, ಅಂದರೆ ಉದ್ದನೆಯ ಎಳೆಗಳು, ಕಪ್ಪೋ ಹಸಿರೋ ಇರುತ್ತದೆ ಎಂದಿಟ್ಟುಕೊಳ್ಳಿ. ಅದೇ ಹಾಸನ್ನು ಸೆರಗಿನ ತನಕ ಬಿಟ್ಟು, ಅದರ ಮೇಲೆ ಅಡ್ಡಕ್ಕೆ ಕೆಂಪು ಹೊಕ್ಕು ಹಾಯಿಸಿದರೆ ಬರುವುದು ಕೆಂಪಲ್ಲ, ಮಬ್ಬಾದ ಒಂದು ಮಿಶ್ರ ಬಣ್ಣ. ಸೆರಗು ತುಂಬ ಕೆಂಪಾಗಬೇಕಾದರೆ ಅದರ ಹಾಸೂ ಕೆಂಪಿರಬೇಕು, ಹೊಕ್ಕೂ ಕೆಂಪಿರಬೇಕು. ಹಾಗಾಗಿ ಒಡಲಿನ ಹಾಸು ಒಂದು ಕಡೆ, ಸೆರಗಿನ ಹಾಸು ಇನ್ನೊಂದು ಕಡೆ, ದಡಿಯ ಹಾಸು ಮತ್ತೊಂದು ಕಡೆ ತಯಾರಾಗುತ್ತವೆ. ಒಡಲು ಹತ್ತಿಯದಿದ್ದರೂ ಸೆರಗು ರೇಷ್ಮೆಯದೋ ಆರ್ಟ್ ಸಿಲ್ಕಿನದೋ ಇರುತ್ತದೆ. ದಡಿಗೂ ಸೆರಗಿಗೂ ಬಣ್ಣ ಒಂದೇ. ಸೆರಗಿನ ಉದ್ದ ಸಾಮಾನ್ಯವಾಗಿ 16 ಇಂಚಿನಿಂದ 27 ಇಂಚು. ಇಷ್ಟು ಗಿಡ್ಡ ಹಾಸನ್ನು ಆ ಉದ್ದ ಹಾಸಿಗೆ ಎಳೆಎಳೆಯಾಗಿ ಕೂಡಿಸಬೇಕು.

ಇಲ್ಲಿ ಗಂಟು ಹಾಕುವುದಿಲ್ಲ. ಒಡಲಿನ ಎಳೆ ಮಡಚಿ ತಿರುಗುವ ಕಡೆ ಒಂದು ಸಣ್ಣ ಕುಣಿಕೆ ಇರುತ್ತದೆ. ಸೆರಗಿನ ಎಳೆ ಅದರೊಳಗೆ ತೂರಿ, ತಾನೂ ಮಡಚಿ ಹಿಂದಕ್ಕೆ ಬರುತ್ತದೆ. ಕುಣಿಕೆಯೊಳಗೆ ಕುಣಿಕೆ. ಇದೇ ಕೊಂಡಿ. ದಡಿಯ ಕಡೆಗೂ ಇದೇ ನ್ಯಾಯ. ಎರಡು ದಡಿಗೆ ಎರಡು ಲಾಳಿ, ಒಡಲಿಗೆ ಒಂದು. ದಡಿ ಮುಗಿದು ಒಡಲು ಶುರುವಾಗುವ ಕಡೆ ಒಂದರ ಹೊಕ್ಕು ಇನ್ನೊಂದರ ಹೊಕ್ಕನ್ನು ಕೊಕ್ಕೆ ಹಾಕಿ ತಿರುಗುತ್ತದೆ. ಈ ಕೆಲಸ ಬಹಳ ಮಟ್ಟಿಗೆ ಹೆಂಗಸರದು. ಅತ್ತಿ ನನಗೆ ಕಲಿಸುವಾಗ ಹೇಳಿದ್ದು ಇಷ್ಟೇ: “ಜಗ್ಗಿ ಹಿಡಿ. ಸಡಲ ಬಿಟ್ಟಿ ಅಂದ್ರ ಕೊಂಡಿ ಕೊಂಡಿ ಅಲ್ಲ, ಬರೇ ಎಳಿ.”

ಎಳೆ ಬಿಗಿದಷ್ಟೂ ಕೂಡಿಕೆ ಗಟ್ಟಿ. ಹೊಕ್ಕು ಆಮೇಲೆ ಬಂದು ಎಲ್ಲವನ್ನೂ ಭದ್ರ ಮಾಡುತ್ತದೆ, ನಿಜ. ಹೊಕ್ಕೇ ನಿನ್ನ ಮೂರನೆಯದಲ್ಲವೆ ಎಂದು ಯಾರಾದರೂ ಕೇಳಿಯಾರು. ಆದರೆ ಲಾಳಿ ಒಮ್ಮೆಯೂ ಓಡುವ ಮೊದಲೇ ಹಾಸು ಮಗ್ಗದ ಮೇಲೆ ಬಿಗಿದು ನಿಂತಿರುತ್ತದೆ. ಆಗ ಅದನ್ನು ಹಿಡಿದಿಟ್ಟದ್ದು ಒಂದು ಎಳೆಯೊಳಗೆ ಹೊಕ್ಕ ಇನ್ನೊಂದು ಎಳೆ, ಮತ್ತು ಎರಡರ ಎದುರುಬದುರು ಜಗ್ಗಾಟ. ಅಂಟಿಲ್ಲ, ಗಂಟಿಲ್ಲ, ಮೊಳೆಯಿಲ್ಲ. ಕೂಡುವ ಎರಡರ ಮೈಯಿಂದಲೇ ಕೂಡಿಕೆ ಆಗಿದೆ. ಶಂಕರರ ಪ್ರಶ್ನೆ ಇಲ್ಲಿ ಎಲ್ಲಿ ಕಾಲೂರಬೇಕು?

ತಾರ್ಕಿಕರು ಅಷ್ಟಕ್ಕೇ ಬಿಡುವವರಲ್ಲ, ಗೊತ್ತು. ಎಳೆಗೆ ಎಳೆ ತಗುಲಿದ್ದು ಸಂಯೋಗ, ಸಂಯೋಗ ಒಂದು ಗುಣ, ಗುಣ ದ್ರವ್ಯದಲ್ಲಿರುವುದು ಸಮವಾಯದಿಂದ, ಬಂತಲ್ಲ ಮತ್ತೆ ನಿನ್ನ ಸಮವಾಯ ಎನ್ನುತ್ತಾರೆ. ಕೈ ಮುಷ್ಟಿಯಾದಾಗ ಬೆರಳುಗಳ ಜೊತೆಗೆ ಮುಷ್ಟಿ ಎಂಬ ಆರನೆಯ ವಸ್ತು ಹುಟ್ಟಿತೆಂದು ನಾನಂತೂ ಎಣಿಸುವುದಿಲ್ಲ. ಬೆರಳು ಇರುವ ಬಗೆ ಬದಲಾಯಿತು, ಅಷ್ಟೆ. ಇದು ಸಾಲದು ಎನ್ನುವವರು ಕಾಶಿಗೆ ಹೋಗಿ ವಾದ ಮಾಡಲಿ. ನಾನು ನಮ್ಮ ಸೀಮೆಯಲ್ಲೇ ಇನ್ನೂ ದೊಡ್ಡದೊಂದು ಕೂಡಿಕೆಯ ಕಡೆ ಹೋಗುತ್ತೇನೆ.

ನಮ್ಮೂರು ಇಳಕಲ್ಲಿನಿಂದ ಹುನಗುಂದ ದಾಟಿ ಹೋದರೆ ಕೂಡಲಸಂಗಮ. ಕೃಷ್ಣೆಗೆ ಮಲಪ್ರಭೆ ಕೂಡುವ ಜಾಗ. ಬಸವಣ್ಣ ಕಲಿತದ್ದು ಅಲ್ಲಿ, ಐಕ್ಯವಾದದ್ದು ಅಲ್ಲಿ, ವಚನದ ಕೊನೆಗೆ ಇಟ್ಟ ಅಂಕಿತವೂ ಅಲ್ಲಿನ ದೇವರದು. ನಾರಾಯಣಪುರದ ಬಸವಸಾಗರದ ಹಿನ್ನೀರು ಅಲ್ಲಿಯವರೆಗೂ ನಿಲ್ಲುವುದರಿಂದ ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆ ಎತ್ತಿದ್ದಾರೆ. ಸೇತುವೆ ದಾಟಿ, ಮೆಟ್ಟಿಲಿಳಿದು ಹೋಗಬೇಕು. ದಂಡೆಯಲ್ಲಿ ನಿಂತ ಯಾರಾದರೂ ಹೇಳುವುದು ಒಂದೇ ಮಾತು: ನೋಡ್ರಿ, ಎರಡು ಹೊಳಿ ಒಂದಾದವು, ಹಂಗ ಐಕ್ಯ ಅಂದ್ರ. ನೀರಿಗೆ ನೀರು, ಉರಿಗೆ ಕರ್ಪೂರ, ನೀರಿಗೆ ಉಪ್ಪು. ಷಟ್‌ಸ್ಥಲದಲ್ಲಿ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ ಆದ ಮೇಲೆ ಬರುವ ಆರನೆಯ ನೆಲೆಯನ್ನು ಪ್ರವಚನಗಳಲ್ಲಿ ತಿಳಿಸುವುದು ಈ ಚಿತ್ರಗಳಿಂದಲೇ.

ಕರ್ಪೂರ ಉರಿದು ಹೋಯಿತು, ಸರಿ. ಕೂಡಿದೆ ಎಂದು ಹೇಳಲು ಉಳಿದವರು ಯಾರು? ಉಳಿಯಬಾರದು, ಬಯಲಾಗಬೇಕು ಎಂಬುದು ಅದಕ್ಕೆ ಉತ್ತರ; ಆ ಉತ್ತರದ ಎತ್ತರ ನನಗೆ ಕಾಣುತ್ತದೆ. ಅತ್ತ ಉಡುಪಿಯ ಮಧ್ವಾಚಾರ್ಯರು ಭೇದ ಎಂದಿಗೂ ಅಳಿಯದು, ಅದೂ ಐದು ಬಗೆ, ಮುಕ್ತಿಯಲ್ಲೂ ಜೀವ ಜೀವವೇ, ದೇವರು ದೇವರೇ ಎಂದರು. ಒಂದು ಕಡೆ ಬಣ್ಣವೇ ಉಳಿಯಲಿಲ್ಲ, ಇನ್ನೊಂದು ಕಡೆ ಎರಡು ಬಣ್ಣವೂ ಉಳಿದವು, ಆದರೆ ಒಂದು ಇನ್ನೊಂದರ ಅಧೀನ. ಕೊಂಡಿ ಹಾಕುವ ಕೆಲಸದವಳಿಗೆ ಎರಡೂ ಪೂರಾ ಒಪ್ಪುವುದಿಲ್ಲ. ನಮ್ಮ ಕೆಲಸದಲ್ಲಿ ಕೂಡಿಕೆ ಹುಟ್ಟಿದ್ದೇ ಬಣ್ಣ ಬೆರೆಯದಿರಲಿ ಎಂದು. ಸೆರಗು ತನ್ನ ಕೆಂಪನ್ನು ಪೂರ್ತಿ ಉಳಿಸಿಕೊಳ್ಳಬೇಕು, ಒಡಲು ತನ್ನ ಕಪ್ಪನ್ನು. ಆದರೂ ಉಡುವವಳಿಗೆ ಅದು ಒಂದೇ ಸೀರೆ. ಬೆರೆಯುವುದೇ ಗುರಿಯಾಗಿದ್ದರೆ ಇಷ್ಟು ಕಷ್ಟಪಡುವ ಕಾರಣವೇ ಇರಲಿಲ್ಲ, ಒಂದೇ ಹಾಸು ಸಾಕಿತ್ತು.

ಬಣ್ಣ ಬೆರೆಯದ ಇಂಥ ಕೂಡಿಕೆ ವಚನಗಳಲ್ಲೂ ಇದೆ. ನೇಕಾರ ದೇವರ ದಾಸಿಮಯ್ಯ ಮುದನೂರಿನವನು. ಅವನ ಅಂಕಿತ ರಾಮನಾಥ. ಹೆಂಡತಿ ದುಗ್ಗಳೆಯೂ ವಚನಕಾರ್ತಿ. ಅವಳ ಅಂಕಿತ ‘ದಾಸಯ್ಯಪ್ರಿಯ ರಾಮನಾಥ’. ಗಂಡನ ಹೆಸರೂ ಇದೆ, ಗಂಡನ ದೇವರೂ ಇದ್ದಾನೆ, ಆದರೆ ಅಂಕಿತ ಅವಳದೇ. ಅದನ್ನು ಬೇರೆ ಯಾರೂ ಹಾಕುವಂತಿಲ್ಲ. ಐಕ್ಯದ ಬಗ್ಗೆ ಮಾತಾಡುವವರು ಹೊಳೆಯನ್ನು ತೋರಿಸುವ ಬದಲು ಈ ಎರಡು ಅಂಕಿತಗಳನ್ನು ಒಂದರ ಪಕ್ಕ ಒಂದಿಟ್ಟು ತೋರಿಸಬಾರದೇಕೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ನಮ್ಮ ಓಣಿಯಲ್ಲಿ ಬಾಗಿಲು ಮಾಡುವ ಬಡಿಗೇರರೊಬ್ಬರಿದ್ದಾರೆ. ಹಲಗೆಗೆ ಹಲಗೆ ಕೂಡಿಸುವಾಗ ಒಂದರ ಅಂಚಿನುದ್ದಕ್ಕೂ ತೋಡು ಹೊಡೆಯುತ್ತಾರೆ, ಇನ್ನೊಂದರ ಅಂಚನ್ನು ಎರಡೂ ಬದಿ ಕೆತ್ತಿ ತೆಳ್ಳಗೆ ನಾಲಿಗೆ ಬಿಡುತ್ತಾರೆ. ನಾಲಿಗೆ ತೋಡಿನೊಳಗೆ ಹೋಗಿ ಕೂರುತ್ತದೆ. ಅಂಟು ಯಾಕೆ ಹಾಕುವುದಿಲ್ಲ ಎಂದು ಕೇಳಿದೆ. “ಅಕ್ಕಾವ್ರ, ಮಳಿಗಾಲದಾಗ ಹಲಗಿ ಉಬ್ಬತಾವ, ಬ್ಯಾಸಗ್ಯಾಗ ಕುಗ್ಗತಾವ. ಅಂಟ ಹಾಕಿ ಬಿಗದೀವಂದ್ರ ನಡಕ ಸೀಳತಾವ. ಹಿಂಗಿದ್ರ ಒಳಗ ಸರದಾಡ್ಕೊಂತ ಇರತಾವ, ಬೆಳಕೂ ಕಾಣಸಂಗಿಲ್ಲ” ಎಂದರು. ಮರದ ಕೂಡಿಕೆಗೂ ಎರಡರ ಮೈಯೇ ಬೇಕು, ಒಂದಿಷ್ಟು ಮೈ ಕಳೆದುಕೊಳ್ಳಲೂ ಬೇಕು. ನಾಲಿಗೆ ಬಿಡುವ ಹಲಗೆ ಅಂಚಿನ ಎರಡು ಬದಿಯನ್ನು ಕಳೆದುಕೊಂಡರೆ, ತೋಡಿನ ಹಲಗೆ ತನ್ನ ನಡುವನ್ನು. ಮೂರನೆಯದು ಬಂದು ಬಿಗಿಯಾಗಿ ಹಿಡಿದಾಗಲೇ ಹಲಗೆ ಸೀಳುವುದು ಎಂಬುದನ್ನು ನಾನು ಅವರಿಂದ ತಿಳಿದೆ, ತರ್ಕಸಂಗ್ರಹದಲ್ಲಿ ಇದಿಲ್ಲ.

ಮೂರನೆಯದು ಇದ್ದರೂ ಕೂಡಿಸುವುದು ಅದೇ ಆಗಬೇಕಿಲ್ಲ ಎಂಬುದು ಐಹೊಳೆಯ ಲಾಡಖಾನ ಗುಡಿಯ ಮಾಳಿಗೆ ಹತ್ತಿರದಿಂದ ನೋಡಿದವರಿಗೆ ಬೇಗ ತಿಳಿದೀತು. ಇಳಿಜಾರಾಗಿ ಹಾಸಿದ ಕಲ್ಲು ಚಪ್ಪಡಿಗಳ ಸಂದುಗಳ ಮೇಲೆ ಉದ್ದುದ್ದ ಕಲ್ಲುಪಟ್ಟಿಗಳನ್ನು ಕೂರಿಸಿದ್ದಾರೆ; ದೂರದಿಂದ ಮರದ ದಿಮ್ಮಿ ಮಲಗಿಸಿದ ಹಾಗೆ ಕಾಣುತ್ತದೆ. ಮರದಲ್ಲಿ ಕಟ್ಟುತ್ತಿದ್ದವರ ರೂಢಿ ಕಲ್ಲಿಗೆ ಬಂದದ್ದು ಎಂದು ವಿದ್ವಾಂಸರು ಹೇಳುತ್ತಾರೆ. ಅಲ್ಲಿ ಮೂರನೆಯ ಕಲ್ಲು ಇದೆ. ಆದರೆ ಅದು ಚಪ್ಪಡಿಗಳನ್ನು ಕೂಡಿಸಲು ಬಂದದ್ದಲ್ಲ, ಸಂದಿನೊಳಗೆ ಮಳೆ ಇಳಿಯದಿರಲಿ ಎಂದು ಮೇಲೆ ಕೂತದ್ದು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಷ್ಟದ ಪ್ರಶ್ನೆ ಉಳಿಯುತ್ತದೆ. ಬಸವಾದಿ ಶರಣರು ಗುಡಿಯ ನಡುವಿನವರನ್ನು ತೆಗೆದರು. ಇಷ್ಟಲಿಂಗ ಅಂಗೈಗೆ ಬಂತು. ಪೂಜೆ ಮಾಡುವವನಿಗೂ ಪೂಜೆಗೊಳ್ಳುವುದಕ್ಕೂ ನಡುವೆ ಯಾರೂ ಇಲ್ಲ. ಆದರೆ ಆ ಲಿಂಗವನ್ನು ಕೊಡುವವನು ಗುರು. ಹಾಗಾದರೆ ಗುರು ಮೂರನೆಯವನಲ್ಲವೆ? ಜಂಗಮ ಅಲ್ಲವೆ?

ಕೊಂಡಿ ಹಾಕುವುದು ಕೈ. ಎಳೆ ತಾನಾಗಿ ಎಳೆಯೊಳಗೆ ಹೋಗುವುದಿಲ್ಲ. ಆದರೆ ಕೂಡಿಕೆ ಆದ ಮೇಲೆ ಆ ಕೈ ಸೀರೆಯಲ್ಲಿ ಎಲ್ಲೂ ಇರುವುದಿಲ್ಲ. ಇದ್ದರೆ ಅದು ದೋಷ. ಬೆರಳಿನ ಎಣ್ಣೆಕಲೆ ಸೆರಗಿಗೆ ಹತ್ತಿದರೆ ಅಂಗಡಿಯವನು ಬೆಲೆ ಇಳಿಸುತ್ತಾನೆ. ಗುರುವಿನ ವಿಷಯದಲ್ಲೂ ನನ್ನ ಲೆಕ್ಕ ಇದೇ. ನಮ್ಮೂರ ವಿಜಯ ಮಹಾಂತೇಶ ಮಠದ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಮನೆಮನೆಗೆ ಬರುತ್ತಿದ್ದರು. ಕೇಳುತ್ತಿದ್ದದ್ದು ಕಾಳಲ್ಲ, ದುಡ್ಡಲ್ಲ. ನಿಮ್ಮ ದುಶ್ಚಟವನ್ನು ಇದರಲ್ಲಿ ಹಾಕಿ ಎನ್ನುತ್ತಿದ್ದರು. ಅವರು ಹುಟ್ಟಿದ ಆಗಸ್ಟ್ 1ನ್ನು ಸರ್ಕಾರ ಈಗ ವ್ಯಸನಮುಕ್ತ ದಿನ ಎಂದು ಆಚರಿಸುತ್ತದೆ. ಗಂಡ-ಹೆಂಡಿರ ನಡುವೆ ಕೂತಿದ್ದ ಬಾಟಲಿಯನ್ನು ಜೋಳಿಗೆಗೆ ಹಾಕಿಸಿಕೊಂಡು ಮುಂದಿನ ಮನೆಗೆ ನಡೆಯುವ ಗುರು ನನಗೆ ಅರ್ಥವಾಗುತ್ತಾನೆ. ಬಂದು ನಡುವೆಯೇ ಪೀಠ ಹಾಕಿಕೊಂಡು ಕೂತವನು, ಯಾವ ಬಣ್ಣದ ಬಟ್ಟೆ ಉಟ್ಟಿದ್ದರೂ, ಹಲಗೆ ಸೀಳುವ ಅಂಟು.

ಹಾಗೆಂದು ಕೊಂಡಿಯೇ ಐಕ್ಯದ ಕೊನೆಯ ಚಿತ್ರ ಎಂದು ನಾನು ಸಾಧಿಸುವುದಿಲ್ಲ. ಅಲ್ಲಮನ ಬಯಲಿಗೆ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಅಲ್ಲಿ ನನ್ನ ಕೈಗೆ ಕೆಲಸವಿಲ್ಲ. ಆದರೆ ಮನೆ, ಮದುವೆ, ನೆರೆಹೊರೆ, ಒಂದೇ ಊರಿನ ಮಠ ಮತ್ತು ಮಸೀದಿ, ಇವುಗಳಲ್ಲಿ ಬದುಕುವವರಿಗೆ ‘ಎಲ್ಲ ಒಂದಾಗಿ’ ಎಂಬ ಉಪದೇಶ ಕೇಳಲು ಸಿಹಿ, ನಡೆಸಲು ಅಪಾಯ. ಒಂದಾಗಿ ಎಂದವರು ಸಾಮಾನ್ಯವಾಗಿ ತಮ್ಮ ಬಣ್ಣವನ್ನು ಬಿಡುವುದಿಲ್ಲ, ನಿಮ್ಮದನ್ನು ಬಿಡಿ ಎನ್ನುತ್ತಾರೆ. ಇಂಥ ಕಡೆ ಬೇಕಾದ್ದು ಬೆರೆಯುವುದಲ್ಲ. ಒಬ್ಬರ ಕುಣಿಕೆಯೊಳಗೆ ಇನ್ನೊಬ್ಬರು ಹೊಕ್ಕು, ಬಿಗಿಯಾಗಿ ಹಿಡಿದು, ತಮ್ಮ ಕಡೆಗೆ ಹಿಂದಿರುಗುವುದು.

ಈಗ ಕೊಳ್ಳುವವರಿಗೆ ಒಂದು ಮಾತು. ಪ್ರತಿ ಸೀರೆಗೂ ಸೆರಗು ಬೇರೆಯಾಗಿ ಕೂಡಿಸಬೇಕಾದ್ದರಿಂದ ಕೊಂಡಿಯ ಸೀರೆಗೆ ಒಂದೊಂದಕ್ಕೂ ಒಂದೊಂದು ಹಾಸೇ ಆಗಬೇಕು. ಯಂತ್ರದ ಮಗ್ಗದಲ್ಲಿ ಉದ್ದ ಹಾಸು ಹಾಕಿ ಸಾಲಾಗಿ ಸೀರೆ ಇಳಿಸುವ ಸುಖ ಇದರಲ್ಲಿಲ್ಲ. ಬೆಲೆ ಹೆಚ್ಚು ಎಂದು ಅಂಗಡಿಯಲ್ಲಿ ಚೌಕಾಸಿ ಮಾಡುವ ಮೊದಲು ಸೀರೆ ಬಿಚ್ಚಿ, ಒಡಲು ಮುಗಿದು ಸೆರಗು ಹತ್ತುವ ಗೆರೆಯನ್ನು ಬೆಳಕಿಗೆ ಹಿಡಿದು ನೋಡಿ. ಒಡಲಿನ ಹಾಸು ಅಲ್ಲೇ ನಿಂತು ಕೆಂಪು ಹಾಸು ಶುರುವಾಗಿದ್ದರೆ ಅದು ಕೊಂಡಿಯ ಸೆರಗು. ಅದೇ ಹಾಸು ಸೆರಗಿನ ತುದಿವರೆಗೂ ಹರಿದಿದ್ದರೆ ಅಲ್ಲ. ಕೊಂಡಿ ಇದ್ದರೆ ಕೇಳಿದ ಬೆಲೆ ಕೊಟ್ಟು ತಗೊಳ್ಳಿ.