ಸಿಹಿಯನ್ನು ಬಿಡುವುದು, ಸಿಹಿಯನ್ನು ನಿಷೇಧಿಸುವುದು

ಧರ್ಮಸಮ್ಮತವಾದ ಒಂದು ವಸ್ತುವನ್ನು ನಾವಾಗಿಯೇ ತೊರೆಯುವುದು ಪುಣ್ಯ ಕಾರ್ಯವೇ? ಅಥವಾ ಅದು ಅಲ್ಲಾಹನ ಅನುಗ್ರಹಕ್ಕೆ ತೋರುವ ಕೃತಘ್ನತೆಯೇ? ಮದ್ಯದ ವಿಷಯದಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಅದು ನಿಷಿದ್ಧ, ಬಿಡಲೇಬೇಕು. ಆದರೆ ಸಕ್ಕರೆ ನಿಷಿದ್ಧವಲ್ಲ. ಈದ್ ದಿನದ ಶೀರ್ ಖುರ್ಮಾ, ನಿಕಾಹ್‌ನ ಊಟದ ಕೊನೆಗೆ ಬರುವ ಮೀಠಾ, ಮಗು ಹುಟ್ಟಿದಾಗ ಹಂಚುವ ಮಿಠಾಯಿ ಎಲ್ಲವೂ ಹಲಾಲ್. ಹಾಗಿರುವಾಗ, ನಾನು ಸಕ್ಕರೆ ಬಿಟ್ಟಿದ್ದೇನೆ ಎನ್ನುವವನನ್ನು ಮೆಚ್ಚಬೇಕೇ, ಆಕ್ಷೇಪಿಸಬೇಕೇ?

ಇದು ಕೇವಲ ತರ್ಕದ ಪ್ರಶ್ನೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10.1 ಕೋಟಿ. ಮಧುಮೇಹದ ಹೊಸ್ತಿಲಲ್ಲಿ ನಿಂತವರು ಇನ್ನೂ 13.6 ಕೋಟಿ. ಈ ಕಾಯಿಲೆಗೆ ಸಕ್ಕರೆಯೊಂದೇ ಕಾರಣವಲ್ಲ. ವಂಶ, ದೇಹತೂಕ, ಮೈಬಗ್ಗದ ಜೀವನ ಇವೆಲ್ಲವೂ ಅದರ ಹಿಂದಿವೆ. ಆದರೆ ವೈದ್ಯರು ಸಿಹಿ ಬಿಡಿ ಎಂದ ದಿನದಿಂದ ಪ್ರತಿಯೊಂದು ಮನೆಯಲ್ಲೂ ಒಂದು ನೈತಿಕ ಹೋರಾಟ ಆರಂಭವಾಗುತ್ತದೆ. ಅದರ ಬಗ್ಗೆ ನಾವು ಮಾತನಾಡುವುದು ಕಡಿಮೆ.

ಮೊದಲು ಪ್ರವಾದಿ ಮುಹಮ್ಮದ್(ಸ)ರ ಜೀವನವನ್ನು ನೋಡೋಣ. ಅವರಿಗೆ ಸಿಹಿ ತಿನಿಸು ಮತ್ತು ಜೇನು ಪ್ರಿಯವಾಗಿದ್ದುವೆಂದು ಹ. ಆಯಿಶಾ(ರ) ತಿಳಿಸಿದ್ದಾರೆ. ಆದ್ದರಿಂದ ಸಿಹಿಯ ಮೇಲಿನ ಆಸೆಯೇ ಪಾಪವೆಂದು ಯಾರೂ ಭಾವಿಸಬೇಕಾಗಿಲ್ಲ. ಒಮ್ಮೆ ಪ್ರವಾದಿವರ್ಯರು(ಸ) ತಮ್ಮ ಪತ್ನಿ ಹ. ಝೈನಬ್(ರ)ರ ಮನೆಯಲ್ಲಿ ಜೇನು ಸೇವಿಸಿದರು. ನಂತರ ಮನೆಯೊಳಗಿನ ಒಂದು ಸಣ್ಣ ಪ್ರಸಂಗದಿಂದಾಗಿ, ಇನ್ನು ಮುಂದೆ ಜೇನು ಸೇವಿಸುವುದಿಲ್ಲವೆಂದು ಹೇಳಿಬಿಟ್ಟರು. ಬುಖಾರಿಯಲ್ಲಿರುವ ವರದಿಯ ಪ್ರಕಾರ, ಆಗಲೇ ಅತ್ತಹ್ರೀಮ್ ಅಧ್ಯಾಯದ ಆರಂಭದ ಸೂಕ್ತಗಳು ಅವತೀರ್ಣಗೊಂಡವು. ಅಲ್ಲಾಹನು ಹಲಾಲ್ ಮಾಡಿದ್ದನ್ನು ಪತ್ನಿಯರ ಸಂತೋಷಕ್ಕಾಗಿ ಏಕೆ ನಿಷಿದ್ಧಗೊಳಿಸಿಕೊಳ್ಳುತ್ತೀರೆಂದು ಆತನು ತನ್ನ ಪ್ರವಾದಿಯನ್ನೇ ಪ್ರಶ್ನಿಸಿದನು. ಮನುಕುಲಕ್ಕೆ ಮಾದರಿಯಾದವರು ಒಂದು ಬೊಗಸೆ ಜೇನನ್ನೂ ಹಾಗೆ ನಿಷೇಧಿಸಿಕೊಳ್ಳುವಂತಿರಲಿಲ್ಲ!

ಹಾಗಾದರೆ ಸಿಹಿ ಬಿಡುವುದೇ ತಪ್ಪೆಂದು ಅರ್ಥವೇ? ಅಲ್ಲ. ಇನ್ನೊಂದು ಘಟನೆಯನ್ನು ಇದರ ಜೊತೆಗಿಟ್ಟು ನೋಡಿರಿ. ಪ್ರವಾದಿವರ್ಯರ(ಸ) ಮುಂದೆ ಒಮ್ಮೆ ಉಡದ ಮಾಂಸವನ್ನು ಬಡಿಸಲಾಯಿತು. ಅವರು ಕೈಯನ್ನು ಹಿಂದಕ್ಕೆಳೆದುಕೊಂಡರು. ಇದು ನಿಷಿದ್ಧವೇ ಎಂದು ಹ. ಖಾಲಿದ್ ಬಿನ್ ವಲೀದ್(ರ) ಕೇಳಿದರು. ಅಲ್ಲ, ತಮ್ಮ ನಾಡಿನಲ್ಲಿ ಇದು ಇಲ್ಲದಿರುವುದರಿಂದ ತಮಗೆ ಸೇರುವುದಿಲ್ಲ ಎಂಬ ಉತ್ತರ ಬಂತು. ಖಾಲಿದ್(ರ) ಅವರ ಎದುರಲ್ಲೇ ಅದನ್ನು ತಿಂದರು.

ನಮ್ಮ ಪ್ರಶ್ನೆಗೆ ಉತ್ತರ ಈ ಎರಡು ಘಟನೆಗಳ ನಡುವೆ ಇದೆ. ತಿನ್ನದಿರುವುದು ಬೇರೆ, ನಿಷಿದ್ಧಗೊಳಿಸುವುದು ಬೇರೆ. ನನಗೆ ಇದು ಬೇಡ ಎನ್ನುವ ಅಧಿಕಾರ ನಿಮಗಿದೆ. ಇದು ಕೆಟ್ಟದ್ದು, ತಿನ್ನುವವರು ಕೀಳು ಎನ್ನುವ ಅಧಿಕಾರ ಯಾರಿಗೂ ಇಲ್ಲ. ಹಲಾಲ್ ಹರಾಮ್‌ಗಳ ಗಡಿರೇಖೆ ಎಳೆಯುವವನು ಅಲ್ಲಾಹನು ಮಾತ್ರ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕಾಗಿದೆ. ಸಿಹಿಯ ಚಟದಿಂದ ಬೇಸತ್ತ ಕೆಲವರು ಆವೇಶದಲ್ಲಿ, ಅಲ್ಲಾಹನಾಣೆ ಇನ್ನು ಮುಟ್ಟುವುದಿಲ್ಲ ಎಂದು ಆಣೆ ಹಾಕಿಬಿಡುತ್ತಾರೆ. ನಾಲ್ಕು ದಿನ ಕಳೆಯುವಷ್ಟರಲ್ಲಿ ಆಣೆ ಮುರಿಯುತ್ತದೆ. ಉದ್ದೇಶಪೂರ್ವಕ ಆಣೆ ಮುರಿದರೆ ಹತ್ತು ಮಂದಿ ಬಡವರಿಗೆ ಊಟ ಅಥವಾ ಉಡುಪು ನೀಡಬೇಕು. ಸಾಧ್ಯವಿಲ್ಲದಿದ್ದರೆ ಮೂರು ದಿನ ಉಪವಾಸ ಆಚರಿಸಬೇಕು. ಅಲ್ಲಾಹನ ಹೆಸರನ್ನು ಒಂದು ಲಡ್ಡುವಿನ ಜಗಳಕ್ಕೆ ಎಳೆದು ತರುವುದೇಕೆ? ದೃಢ ಸಂಕಲ್ಪ ಸಾಕು. ಸಂಕಲ್ಪ ಜಾರಿದರೆ ಮತ್ತೆ ಎದ್ದು ನಿಲ್ಲಬಹುದು.

ಇನ್ನು ಸಂಕಲ್ಪದ ಉದ್ದೇಶದ ಬಗ್ಗೆ. ಕರ್ಮಗಳು ಉದ್ದೇಶವನ್ನು ಅವಲಂಬಿಸಿವೆ. ತನ್ನ ಸಂಯಮವನ್ನು ನಾಲ್ಕು ಜನ ಹೊಗಳಲಿ ಎಂದು ಸಿಹಿ ಬಿಟ್ಟವನಿಗೆ ಆ ಹೊಗಳಿಕೆಯಷ್ಟೇ ದೊರೆತೀತು. ಆದರೆ ದೇಹವು ಅಲ್ಲಾಹನ ಅಮಾನತ್, ಅದನ್ನು ಕಾಪಾಡಬೇಕು ಎಂದು ಬಿಟ್ಟವನಿಗೆ ಅದೇ ಆರಾಧನೆಯಾಗುತ್ತದೆ. ದೇಹಕ್ಕೂ ಕುಟುಂಬಕ್ಕೂ ನಿಮ್ಮ ಮೇಲೆ ಹಕ್ಕಿದೆಯೆಂದು ಹ. ಸಲ್ಮಾನ್(ರ) ತಮ್ಮ ಗೆಳೆಯ ಅಬೂದರ್ದಾ(ರ)ರಿಗೆ ಹೇಳಿದಾಗ, ಪ್ರವಾದಿವರ್ಯರು(ಸ) ಅದನ್ನು ಅನುಮೋದಿಸಿದರು. ಅಂದಿನ ಸಮಸ್ಯೆ ಅತಿಯಾದ ಉಪವಾಸವಾಗಿತ್ತು. ಇಂದಿನದು ಅತಿಯಾದ ತಿನಿಸು. ಹಕ್ಕು ಮಾತ್ರ ಅದೇ. ಪತ್ನಿ ಮಕ್ಕಳ ಕಣ್ಣು ತಪ್ಪಿಸಿ ಬೇಕರಿಯಲ್ಲಿ ಸಿಹಿ ತಿನ್ನುವ ಮಧುಮೇಹಿಯು ತನ್ನ ದೇಹಕ್ಕೆ ಮಾತ್ರ ಅನ್ಯಾಯ ಮಾಡುತ್ತಿಲ್ಲ. ನಾಳೆ ತನ್ನ ಕಾಲಿನ ಹುಣ್ಣನ್ನು ತೊಳೆಯಬೇಕಾದ ಕೈಗಳಿಗೂ ಅನ್ಯಾಯ ಮಾಡುತ್ತಿದ್ದಾನೆ.

ಇದೇ ತತ್ವಕ್ಕೆ ಇನ್ನೊಂದು ಮುಖವೂ ಇದೆ. ಇನ್ಸುಲಿನ್ ಅಥವಾ ಕೆಲವು ಮಾತ್ರೆಗಳನ್ನು ಸೇವಿಸುವವರಿಗೆ ರಕ್ತದ ಸಕ್ಕರೆ ಒಮ್ಮೆಲೇ ಕುಸಿದು ನಡುಕ, ಬೆವರು, ಮಂಪರು ಬರಬಹುದು. ಆಗ ಕೂಡಲೇ ಸಕ್ಕರೆ ತಿನ್ನಬೇಕು. ಉಪವಾಸದಲ್ಲಿದ್ದರೂ ಅದನ್ನು ಮುರಿಯಬೇಕು. ರೋಗಿಗೆ ಕುರ್‌ಆನ್ ವಿನಾಯಿತಿ ನೀಡಿದೆ. ಜೀವ ಉಳಿಸುವ ಸಕ್ಕರೆಯನ್ನು ಹಠದಿಂದ ನಿರಾಕರಿಸುವುದು ತಖ್ವಾ ಅಲ್ಲ.

ಆದರೆ ಆಸೆಯನ್ನು ಗೆಲ್ಲುವುದು ಹೇಗೆ? ರಮಝಾನ್ ಇದಕ್ಕೆ ಅತ್ಯುತ್ತಮ ಪಾಠಶಾಲೆ. ಬೆಳಗಿನಿಂದ ಸೂರ್ಯಾಸ್ತದವರೆಗೆ ನಾವು ಹಲಾಲ್ ಆದ ನೀರನ್ನೇ ಬಿಡುತ್ತೇವೆ. ಮನಸ್ಸು ಬೇಡುತ್ತದೆ, ನಾವು ಕೊಡುವುದಿಲ್ಲ, ಸ್ವಲ್ಪ ಹೊತ್ತಿನಲ್ಲಿ ಅದು ಸುಮ್ಮನಾಗುತ್ತದೆ. ಆಸೆ ಕಡಲ ತೆರೆಯಂತೆ ಏರಿ ಬಂದು ಇಳಿದು ಹೋಗುವುದನ್ನು ಪ್ರತಿಯೊಬ್ಬ ಉಪವಾಸಿಗನೂ ಬಲ್ಲ. ವಿಪರ್ಯಾಸವೆಂದರೆ, ಹಗಲು ಕಲಿತ ಈ ಪಾಠವನ್ನು ನಾವು ಇಫ್ತಾರ್‌ನ ಶರಬತ್ತಿನ ಜಗ್ಗಿನಲ್ಲಿ ಕರಗಿಸಿಬಿಡುತ್ತೇವೆ!

ಉಪಾಯಗಳು ಸರಳ. ನಿರಂತರವಾದ ಸಣ್ಣ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಚಹಾಕ್ಕೆ ಎರಡು ಚಮಚ ಹಾಕುವವರು ಒಂದೂವರೆಗೆ ಇಳಿಸಲಿ, ಮುಂದೆ ಒಂದಕ್ಕೆ. ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. 2015ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ, ದಿನಕ್ಕೆ 2,000 ಕ್ಯಾಲರಿ ಆಹಾರ ಸೇವಿಸುವವರು ಸಕ್ಕರೆಯನ್ನು 50 ಗ್ರಾಮ್‌ಗಿಂತ ಕೆಳಗಿಡಬೇಕು. 25 ಗ್ರಾಮ್‌ಗಿಂತ ಕೆಳಗಿದ್ದರೆ ಇನ್ನೂ ಒಳ್ಳೆಯದು. 25 ಗ್ರಾಮ್ ಎಂದರೆ ಸುಮಾರು ಆರು ಟೀ ಚಮಚ. ದಿನಕ್ಕೆ ನಾಲ್ಕು ಲೋಟ ಚಹಾ ಕುಡಿಯುವವನು ಚಹಾದಲ್ಲೇ ಎಂಟು ಚಮಚ ಮುಗಿಸಿರುತ್ತಾನೆ. ಬೆಲ್ಲ, ಜೇನು, ಹಣ್ಣಿನ ರಸ ಇವುಗಳೂ ಈ ಲೆಕ್ಕಕ್ಕೆ ಸೇರುತ್ತವೆ ಎಂಬುದು ನೆನಪಿರಲಿ. ಹೊಟ್ಟೆ ಹಸಿದಿರುವಾಗ ಸಿಹಿಯ ಅಂಗಡಿಗೆ ಹೋಗಬೇಡಿ. ಮನೆಯ ಡಬ್ಬಿಯಲ್ಲಿ ಸಿಹಿ ತುಂಬಿಟ್ಟು ಮನಸ್ಸಿನೊಂದಿಗೆ ಯುದ್ಧ ಹೂಡಬೇಡಿ. ಆಸೆ ಬಂದಾಗ ಎದ್ದು ವುಝೂ ಮಾಡಿರಿ, ನಾಲ್ಕು ಹೆಜ್ಜೆ ನಡೆಯಿರಿ. ಉಳಿಸಿದ ಸಕ್ಕರೆಯ ಹಣವನ್ನು ಸದಕಾ ಮಾಡಿರಿ. ತೊರೆದದ್ದಕ್ಕೆ ಒಂದು ಅರ್ಥ ಬರುತ್ತದೆ.

ಇಷ್ಟೆಲ್ಲ ಹೇಳಿದರೂ ಹೊಣೆ ರೋಗಿಯೊಬ್ಬನದೇ ಅಲ್ಲ. ಅರ್ಧದಷ್ಟು ಹೊಣೆ ಬಡಿಸುವವರದು. ಒಂದು ಚೂರಿನಿಂದ ಏನಾಗುತ್ತದೆ, ತಿನ್ನದಿದ್ದರೆ ನಮಗೆ ಬೇಸರವಾಗುತ್ತದೆ ಎಂದು ಅತಿಥಿಯ ತಟ್ಟೆಗೆ ಸಿಹಿ ಹಾಕುವವರು ಪ್ರೀತಿಯಿಂದಲೇ ಹಾಕುತ್ತಾರೆ. ಆದರೆ ಪ್ರೀತಿ ಬಲವಂತವಾದಾಗ ಅತಿಥಿಯು ತನ್ನ ಆರೋಗ್ಯ ಮತ್ತು ನಿಮ್ಮ ಮುಖ ಇವೆರಡರಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಆಮಂತ್ರಿತನು ಉಪವಾಸದಲ್ಲಿದ್ದರೆ ಆತಿಥೇಯನಿಗಾಗಿ ಪ್ರಾರ್ಥಿಸಲಿ ಎಂಬುದು ಪ್ರವಾದಿವರ್ಯರ(ಸ) ಆದೇಶ. ಅಂದರೆ ಆಮಂತ್ರಣದ ಗೌರವ ಬಂದುದರಲ್ಲಿದೆ, ತಿಂದುದರಲ್ಲಲ್ಲ. ಮುಂದಿನ ಸಲ ನಿಮ್ಮ ಮನೆಗೆ ಬಂದ ಚಿಕ್ಕಪ್ಪ ಬೇಡವೆಂದಾಗ, ಒಂದೇ ಮಾತಿಗೆ ಒಪ್ಪಿ ಸಕ್ಕರೆ ಹಾಕದ ಚಹಾ ಕೊಡಿರಿ.

ಹಾಗೆಯೇ ಬೇಡವೆನ್ನುವವರೂ ಸೌಜನ್ಯ ಕಲಿಯಬೇಕು. ಪ್ರವಾದಿವರ್ಯರು(ಸ) ಯಾವ ಆಹಾರವನ್ನೂ ಎಂದೂ ಹಳಿದವರಲ್ಲ. ಇಷ್ಟವಾದರೆ ತಿನ್ನುತ್ತಿದ್ದರು, ಇಲ್ಲವಾದರೆ ಬಿಟ್ಟುಬಿಡುತ್ತಿದ್ದರು. ಈದ್ ದಿನ ಪಾಯಸದ ಬಟ್ಟಲಿನ ಮುಂದೆ ಕುಳಿತು ಸಕ್ಕರೆಯ ಅಪಾಯಗಳ ಬಗ್ಗೆ ಭಾಷಣ ಮಾಡುವವನು ನಾಲಿಗೆಯ ಒಂದು ಆಸೆಯನ್ನು ಗೆದ್ದು ಇನ್ನೊಂದಕ್ಕೆ ಸೋತಿದ್ದಾನೆ.

ಆದ್ದರಿಂದ ಸಹೋದರ ಸಹೋದರಿಯರೇ, ಸಿಹಿಯನ್ನು ಬಿಡುವುದಾದರೆ ಕೃತಜ್ಞತೆಯಿಂದ ಬಿಡಿರಿ. ತಿನ್ನುವುದಾದರೆ ಬಿಸ್ಮಿಲ್ಲಾಹ್ ಎಂದು ಮಿತಿಯಲ್ಲಿ ತಿನ್ನಿರಿ. ತಿನ್ನುವುದರಲ್ಲೂ ಬಿಡುವುದರಲ್ಲೂ ನಾವು ಅಲ್ಲಾಹನ ದಾಸರೇ ಹೊರತು ನಾಲಿಗೆಯ ದಾಸರಲ್ಲ. ಆತನು ನಮ್ಮ ರೋಗಿಗಳಿಗೆ ಗುಣವನ್ನೂ ನಮಗೆಲ್ಲರಿಗೂ ಸಂಯಮವನ್ನೂ ಕರುಣಿಸಲಿ. ಆಮೀನ್.